ಕಲ್ಲಿನೊಳಗಿನ ಗಾಳಿ

ಗೆಳೆಯ ಗೆಳತಿಯರೇ, ಹೋದ ತಿಂಗಳ ನಮ್ಮ ಗೋಡೆ ಪತ್ರಿಕೆಯಲ್ಲಿ ಜ್ವಾಲಾಮುಖಿಯ ಚಿತ್ರ ಬಂದಿದ್ದು ನಿಮಗೆಲ್ಲ ನೆನಪಿರಬೇಕು. ಕೆಂಪು ಬಣ್ಣ ಜಾಸ್ತಿ ತಿಕ್ಕಿ ತಿಕ್ಕಿ ಹಾಳೆ ತೂತು ಬಿದ್ದಿತ್ತಲ್ಲ, ಅದೇ. ಅದರ ಕೆಳಗೆ "ಜ್ವಾಲಾಮುಖಿಯಿಂದ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ" ಎಂದು ಬರೆದಿತ್ತು. ನಾನು ವಿಜ್ಞಾನದ ತಾಸಿನಲ್ಲಿ ಎದ್ದು ನಿಂತು, "ಸರ್, ಕೋಟಿ ಕೋಟಿ ವರ್ಷದಿಂದ ಹಿಂಗೇ ಬರ್ತಾ ಇದ್ದರೆ ಈ ಹೊತ್ತಿಗೆ ಗಾಳಿ ತುಂಬ ಅದೇ ತುಂಬಿ ನಾವೆಲ್ಲ ಸಾಯಬೇಕಿತ್ತಲ್ಲ?" ಎಂದು ಕೇಳಿದೆ. ಹಿಂದಿನ ಬೆಂಚಿನವರು ನಕ್ಕರು. ಯಾರು ನಕ್ಕರು ಅಂತ ನನಗೆ ಗೊತ್ತಿದೆ, ಇಲ್ಲಿ ಬರೆಯುವುದಿಲ್ಲ. ಸರ್ ಮಾತ್ರ ನಗಲಿಲ್ಲ. "ಒಳ್ಳೆ ಪ್ರಶ್ನೆ. ನೀನೇ ಉತ್ತರ ಹುಡುಕಿ ಗೋಡೆ ಪತ್ರಿಕೆಗೆ ಬರಿ" ಎಂದು ಹೇಳಿ ಎರಡು ಪುಸ್ತಕ ಕೊಟ್ಟರು. ಓದಿ ಅರ್ಥವಾಗದ್ದನ್ನು ಅವರ ಹತ್ತಿರ ಮತ್ತೆ ಮತ್ತೆ ಕೇಳಿದೆ. ಆದರೆ ಅರ್ಧ ಉತ್ತರ ಸಿಕ್ಕಿದ್ದು ಪುಸ್ತಕದಲ್ಲಿ ಅಲ್ಲ, ನಮ್ಮ ಮುತ್ಯಾನ ಹತ್ತಿರ.

ನಮ್ಮ ಮುತ್ಯಾ ವಯಸ್ಸಿನಲ್ಲಿದ್ದಾಗ ಸುಣ್ಣದ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದ. ನಮ್ಮ ಕಲಬುರಗಿ ಜಿಲ್ಲೆಯ ಈ ಭಾಗದಲ್ಲಿ ನೆಲ ಅಗೆದರೆ ಸುಣ್ಣದ ಕಲ್ಲು. ನಮ್ಮ ಮನೆಗಳಿಗೆ ಹಾಸಿದ ಶಹಾಬಾದಿ ಫರಸಿ ಕೂಡ ಸುಣ್ಣದ ಕಲ್ಲೇ. ಆ ಕಲ್ಲನ್ನು ಒಡೆದು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಭಟ್ಟಿಗೆ ಹಾಕಿ, ಮೂರು ನಾಲ್ಕು ದಿನ ಬೆಂಕಿ ಕೊಟ್ಟು, ಆರಿದ ಮೇಲೆ ಅದೇ ಬುಟ್ಟಿಯಲ್ಲಿ ಸುಟ್ಟ ಸುಣ್ಣ ತುಂಬಿ ಹೊರಗೆ ತರುತ್ತಿದ್ದರಂತೆ.

ನಾನು ಕೇಳಿದೆ, "ಮುತ್ಯಾ, ಸುಟ್ಟ ಮ್ಯಾಲೆ ಕಲ್ಲು ಏನಾಗ್ತದ?"

"ಹಗುರಾಗ್ತದ" ಅಂದ. "ಒಳಗ ಒಯ್ಯೋವಾಗ ಕುತ್ತಿಗಿ ಮುರೀತಿತ್ತು, ಹೊರಗ ತರೋವಾಗ ಅದೇ ಬುಟ್ಟಿ ಅರ್ಧಕ್ಕರ್ಧ ಹಗುರ. ಕಲ್ಲಿನ ಗಾತ್ರ ಹಂಗೇ ಇರ್ತದ, ತೂಕ ಎಲ್ಲಿ ಹೋಯ್ತದ ಅನ್ನೋದು ಯಾರಿಗಿ ಗೊತ್ತು?"

ಗೆಳೆಯರೇ, ಆ ತೂಕ ಎಲ್ಲಿ ಹೋಯಿತು ಎಂಬುದೇ ಈ ಲೇಖನ. ಶುದ್ಧವಾದ ಸುಣ್ಣದ ಕಲ್ಲು 100 ಕಿಲೋ ಸುಟ್ಟರೆ ಸುಣ್ಣ ಉಳಿಯುವುದು 56 ಕಿಲೋ. ಉಳಿದ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಇದು ಕಟ್ಟಿಗೆಯ ಹೊಗೆಯ ಲೆಕ್ಕವಲ್ಲ, ಅದು ಬೇರೆ. ಇದು ಕಲ್ಲಿನ ಒಳಗಿದ್ದ ಗಾಳಿ. ಮುತ್ಯಾನ ತಲೆಯ ಮೇಲೆ ಇದ್ದ ಭಾರದಲ್ಲಿ ಹತ್ತಿರ ಹತ್ತಿರ ಅರ್ಧ ಗಾಳಿಯೇ ಆಗಿತ್ತು! ಇದನ್ನು ಹೇಳಿದಾಗ ಮುತ್ಯಾ ನಂಬಲಿಲ್ಲ. "ಕಲ್ಲಾಗ ಗಾಳಿ ಇರ್ತದೇನ ಹುಚ್ಚಿ?" ಅಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತು, ಇದುವರೆಗೂ ನನಗೆ ಹೇಳದ ಒಂದು ಮಾತು ಹೇಳಿದ.

ಮುತ್ಯಾನಿಗೆ ಒಬ್ಬ ತಮ್ಮ ಇದ್ದನಂತೆ. ಸಂಕ್ರಾಂತಿ ಹತ್ತಿರದ ಚಳಿಯಲ್ಲಿ ಒಂದು ರಾತ್ರಿ ಭಟ್ಟಿಯ ಬುಡದ ತಗ್ಗಿನಲ್ಲಿ ಬೆಚ್ಚಗಿದೆ ಅಂತ ಕಂಬಳಿ ಹೊದ್ದು ಮಲಗಿದ. ಬೆಳಿಗ್ಗೆ ಏಳಲಿಲ್ಲ. ಮೈಮೇಲೆ ಒಂದು ಗಾಯ ಇರಲಿಲ್ಲ, ಸುಟ್ಟಿರಲಿಲ್ಲ. ಊರಿನವರು ಭಟ್ಟಿಯ ದೆವ್ವ ಹಿಡಿಯಿತು ಅಂದರು. ಆಮೇಲೆ ಅಲ್ಲಿ ಕೋಳಿ ಕೊಯ್ದರಂತೆ. ಅಂದಿನಿಂದ ಯಾರೂ ಅಲ್ಲಿ ಮಲಗುತ್ತಿರಲಿಲ್ಲ, ಅದೊಂದು ಒಳ್ಳೆಯದಾಯಿತು.

ಸರ್ ಹತ್ತಿರ ಇದನ್ನು ಕೇಳಿದೆ. ಅವರು ಹೇಳಿದ್ದು: ಇಂಗಾಲದ ಡೈಆಕ್ಸೈಡ್ ನಾವು ಉಸಿರಾಡುವ ಗಾಳಿಗಿಂತ ಒಂದೂವರೆ ಪಟ್ಟು ಭಾರ. ತಣ್ಣಗಾದ ಮೇಲೆ ನೀರಿನ ಹಾಗೆ ತಗ್ಗಿಗೆ ಇಳಿದು ನಿಲ್ಲುತ್ತದೆ. ಬಣ್ಣ ಇಲ್ಲ, ಕಣ್ಣಿಗೆ ಕಾಣುವುದಿಲ್ಲ. ಅರೆಬರೆ ಉರಿದ ಬೆಂಕಿಯಿಂದ ಇಂಗಾಲದ ಮೊನಾಕ್ಸೈಡ್ ಎಂಬ ಇನ್ನೂ ಕೆಟ್ಟ ವಿಷಗಾಳಿ ಕೂಡ ಬರುತ್ತದೆ. ಇವೆರಡರಲ್ಲಿ ಯಾವುದು ಹೆಚ್ಚಾದರೂ ಮಲಗಿದವನು ಮಲಗಿದಂತೆಯೇ ಹೋಗುತ್ತಾನೆ. ಭೂಮಿಯಿಂದ ತಾನಾಗಿ ಬಂದ ಗಾಳಿಯಿಂದಲೂ ಹೀಗಾಗಿದೆ. ಆಫ್ರಿಕಾದ ಕ್ಯಾಮರೂನ್ ದೇಶದಲ್ಲಿ ಹಳೆಯ ಜ್ವಾಲಾಮುಖಿಯ ಬಾಯಿಯಲ್ಲಿ ನ್ಯೋಸ್ ಎಂಬ ಕೆರೆ ಇದೆ. ನೆಲದ ಆಳದಿಂದ ಬಂದ ಇಂಗಾಲದ ಡೈಆಕ್ಸೈಡ್ ಅದರ ತಳದ ನೀರಿನಲ್ಲಿ ಸೋಡಾ ಬಾಟಲಿಯಂತೆ ಕರಗಿ ಕೂತಿತ್ತು. 1986ರ ಆಗಸ್ಟ್ 21ರ ರಾತ್ರಿ ಅದು ಒಮ್ಮೆಲೇ ಉಕ್ಕಿ ಕಣಿವೆಗಳಿಗೆ ಇಳಿಯಿತು. 1,700ಕ್ಕಿಂತ ಹೆಚ್ಚು ಜನ ಸತ್ತರು, ಸಾವಿರಾರು ದನಗಳು ಸತ್ತವು. ಅಲ್ಲಿಯೂ ಬೆಂಕಿ ಇರಲಿಲ್ಲ, ಲಾವಾ ಇರಲಿಲ್ಲ.

ಹಾಗಾದರೆ ಭೂಮಿಯ ಆಳದಲ್ಲಿ ಅಷ್ಟು ಇಂಗಾಲ ಎಲ್ಲಿಂದ ಬಂತು? ಸ್ವಲ್ಪ ಭೂಮಿ ಹುಟ್ಟಿದಾಗಿನಿಂದಲೇ ಒಳಗೆ ಇದೆ. ಇನ್ನೊಂದಷ್ಟು ಮೇಲಿನಿಂದ ಕೆಳಗೆ ಹೋಗಿದ್ದು. ಇದು ತಿಳಿಯಬೇಕಾದರೆ ಭೂಫಲಕಗಳ ವಿಷಯ ತಿಳಿಯಬೇಕು.

ಭೂಮಿಯ ಮೇಲ್ಪದರ ಒಂದೇ ತುಂಡು ಅಲ್ಲ. ಒಡೆದ ತೆಂಗಿನ ಚಿಪ್ಪಿನಂತೆ ತುಂಡು ತುಂಡಾಗಿದೆ. ದೊಡ್ಡವು ಏಳು, ಸಣ್ಣವು ಅನೇಕ. ಇವು ವರ್ಷಕ್ಕೆ ಕೆಲವು ಸೆಂಟಿಮೀಟರ್ ಸರಿಯುತ್ತವೆ. ನಮ್ಮ ಭಾರತ ಈಗ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರದ ಕಡೆ ಹೋಗುತ್ತಿದೆ. ನಮ್ಮ ಉಗುರು ಬೆಳೆಯುವುದಕ್ಕಿಂತ ಸ್ವಲ್ಪ ಜೋರು, ಅಷ್ಟೆ. ಸಮುದ್ರದ ನಡುವೆ ಫಲಕಗಳು ದೂರ ಸರಿಯುವ ಕಡೆ ಒಳಗಿನಿಂದ ಕರಗಿದ ಕಲ್ಲು ಬಂದು ಹೊಸ ತಳ ಆಗುತ್ತದೆ. ಇನ್ನೊಂದು ಕಡೆ ಹಳೆಯ ತಳ ಬೇರೆ ಫಲಕದ ಅಡಿಗೆ ಬಾಗಿ ಮುಳುಗುತ್ತದೆ. ಹಾಗಾಗಿ ಸಮುದ್ರದ ತಳದಲ್ಲಿ 20 ಕೋಟಿ ವರ್ಷಕ್ಕಿಂತ ಹಳೆಯ ನೆಲ ಸಿಗುವುದು ಬಹಳ ಅಪರೂಪ. ಎಲ್ಲವೂ ಒಳಗೆ ಹೋಗಿಬಿಟ್ಟಿದೆ!

ಮುಳುಗುವಾಗ ಅದು ಬರಿಗೈಯಲ್ಲಿ ಹೋಗುವುದಿಲ್ಲ. ಅದರ ಬೆನ್ನ ಮೇಲೆ ಸಮುದ್ರದ ಸಣ್ಣ ಸಣ್ಣ ಜೀವಿಗಳ ಸುಣ್ಣದ ಚಿಪ್ಪಿನ ಕೆಸರು ಇರುತ್ತದೆ. ಆಳಕ್ಕೆ ಹೋದಂತೆ ಶಾಖ, ಒತ್ತಡ. ಆಗ ಸುಣ್ಣದ ಕಲ್ಲಿನಿಂದ ಗಾಳಿ ಬಿಡುತ್ತದೆ, ಮುತ್ಯಾನ ಭಟ್ಟಿಯಲ್ಲಿ ಬಿಟ್ಟ ಹಾಗೆಯೇ. ಆ ಗಾಳಿ ಕರಗಿದ ಕಲ್ಲಿನ ಜೊತೆ ಮೇಲೆ ಬಂದು ಜ್ವಾಲಾಮುಖಿಯ ಬಾಯಿಂದ ಹೊರಗೆ ಬೀಳುತ್ತದೆ. ಸುಮಾತ್ರಾ, ಜಾವಾ ದ್ವೀಪಗಳ ಜ್ವಾಲಾಮುಖಿಗಳು ಇರುವುದು ಹೀಗೆ ಫಲಕ ಮುಳುಗುವ ಸಾಲಿನ ಪಕ್ಕದಲ್ಲಿಯೇ. ಆ ಸಾಲಿನ ಉತ್ತರ ತುದಿಯ ಕಡೆ ನಮ್ಮ ಅಂಡಮಾನದ ಬ್ಯಾರನ್ ದ್ವೀಪ ಇದೆ. ಭಾರತದಲ್ಲಿ ಈಗ ಬೆಂಕಿ ಉಗುಳುವ ಜ್ವಾಲಾಮುಖಿ ಅದೊಂದೇ. ಜ್ವಾಲಾಮುಖಿ ಎಂದರೆ ಭೂಮಿಯ ಸುಣ್ಣದ ಭಟ್ಟಿಯ ಹೊಗೆಗೂಡು ಎಂದು ನಾನು ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಎಲ್ಲ ಜ್ವಾಲಾಮುಖಿಗೂ ಇದು ಹೊಂದುವುದಿಲ್ಲ ಎಂದು ಸರ್ ತಿದ್ದಿದರು. ಫಲಕ ಮುಳುಗುವ ಕಡೆ ಇರುವವಕ್ಕೆ ಮಾತ್ರ ಹೊಂದುತ್ತದೆ.

ಇದು ಗಾಳಿ ಹೊರಗೆ ಬರುವ ದಾರಿ. ಒಳಗೆ ಹೋಗುವ ದಾರಿ ನಮ್ಮ ಎರಿ ಹೊಲದಿಂದ ಶುರುವಾಗುತ್ತದೆ.

ಮಳೆ ಬೀಳುವಾಗ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹನಿಯಲ್ಲಿ ಸ್ವಲ್ಪ ಕರಗುತ್ತದೆ. ಮಣ್ಣಿನೊಳಗೆ ಬೇರುಗಳು, ಹುಳುಗಳು ಬಿಟ್ಟ ಗಾಳಿಯೂ ಸೇರುತ್ತದೆ. ನೀರು ಒಂಚೂರು ಹುಳಿಯಾಗುತ್ತದೆ, ನಾಲಿಗೆಗೆ ಗೊತ್ತಾಗದಷ್ಟು. ಈ ಹುಳಿನೀರು ನಮ್ಮೂರಿನ ಉತ್ತರಕ್ಕಿರುವ ಕಪ್ಪು ಕಲ್ಲನ್ನು ನಿಧಾನಕ್ಕೆ ತಿನ್ನುತ್ತದೆ. ಆ ಕಲ್ಲಿಗೆ ಬಸಾಲ್ಟ್ ಎಂದು ಹೆಸರು. ಅದು ತಿಂದು ಪುಡಿಯಾಗಿ ಉಳಿದದ್ದೇ ನಾವು ತೊಗರಿ ಬಿತ್ತುವ ಎರಿ ಮಣ್ಣು. ಕಲ್ಲಿನಲ್ಲಿದ್ದ ಕ್ಯಾಲ್ಸಿಯಂ ಮತ್ತು ಮಳೆ ತಂದ ಇಂಗಾಲ ಎರಡೂ ನೀರಿನಲ್ಲಿ ಕರಗಿ ಕಾಗಿಣಾ ನದಿಗೆ, ಕಾಗಿಣಾದಿಂದ ಭೀಮಾಕ್ಕೆ, ಭೀಮಾದಿಂದ ಕೃಷ್ಣೆಗೆ, ಕೃಷ್ಣೆಯಿಂದ ಬಂಗಾಳ ಕೊಲ್ಲಿಗೆ ಹೋಗುತ್ತವೆ. ಸಮುದ್ರದ ಜೀವಿಗಳು ಅವೆರಡನ್ನೂ ಕೂಡಿಸಿ ಚಿಪ್ಪು ಕಟ್ಟಿಕೊಳ್ಳುತ್ತವೆ. ಸತ್ತಾಗ ಚಿಪ್ಪು ತಳಕ್ಕೆ ಬೀಳುತ್ತದೆ, ಕಾಲಾಂತರದಲ್ಲಿ ಕಲ್ಲಾಗುತ್ತದೆ. ಗಾಳಿ ಕಲ್ಲಿನೊಳಗೆ ಹೋಗಿ ಕೂತಿತು.

ಇಲ್ಲಿ ನನಗೆ ಒಂದು ಕಡೆ ತಲೆ ಕೆಟ್ಟಿತ್ತು. ಮಳೆನೀರು ಸುಣ್ಣದ ಕಲ್ಲನ್ನೂ ಕರಗಿಸುತ್ತದಲ್ಲ, ಅದರಿಂದಲೂ ಗಾಳಿ ಕಡಿಮೆ ಆಗಬೇಕಲ್ಲ? ಆಗುವುದಿಲ್ಲ. ಸುಣ್ಣದ ಕಲ್ಲು ಕರಗುವಾಗ ಎಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಯಿಂದ ತೆಗೆದುಕೊಳ್ಳುತ್ತದೋ, ಸಮುದ್ರದಲ್ಲಿ ಮತ್ತೆ ಸುಣ್ಣದ ಚಿಪ್ಪಾಗುವಾಗ ಅಷ್ಟನ್ನೇ ವಾಪಸ್ ಬಿಡುತ್ತದೆ. ಕೈಗಡ ತಂದು ತಿರುಗಿ ಕೊಟ್ಟ ಹಾಗೆ, ಲೆಕ್ಕ ಸಮ. ಕಪ್ಪು ಕಲ್ಲು, ಗ್ರಾನೈಟ್ ಕಲ್ಲು ಇವುಗಳಲ್ಲಿ ಮೊದಲು ಇಂಗಾಲ ಇರಲೇ ಇಲ್ಲ ಅನ್ನುವಷ್ಟು ಕಡಿಮೆ. ಅವು ಕರಗಿದಾಗ ಮಾತ್ರ ಗಾಳಿಯಿಂದ ಇಂಗಾಲ ನಿಜವಾಗಿ ಖಾಲಿಯಾಗುತ್ತದೆ. ಈ ವ್ಯತ್ಯಾಸ ತಿಳಿಯಲು ನನಗೆ ಮೂರು ದಿನ ಹಿಡಿಯಿತು.

ನೀವೂ ಒಂದು ಪರೀಕ್ಷೆ ಮಾಡಬಹುದು. ಎರಿ ಹೊಲದಲ್ಲಿ ನೇಗಿಲು ಹೊಡೆಯುವಾಗ ಬಿಳಿ ಹರಳು ಸಿಗುತ್ತವಲ್ಲ, ಅವನ್ನು ಕುಟ್ಟಿ ಪುಡಿ ಮಾಡಿ ಮೇಲೆ ನಿಂಬೆಹಣ್ಣಿನ ರಸ ಹಿಂಡಿ. ಬುರುಬುರು ನೊರೆ ಬರುತ್ತದೆ. ಫರಸಿ ಕಲ್ಲಿನ ಪುಡಿಗೂ ಬರುತ್ತದೆ. ಹೊಸದಾಗಿ ಒಡೆದ ಕಪ್ಪು ಕಲ್ಲಿನ ಪುಡಿಗೆ ಎಷ್ಟು ಹಿಂಡಿದರೂ ಬರುವುದಿಲ್ಲ. ನೊರೆಯೊಳಗೆ ಇರುವುದೇ ಕಲ್ಲಿನಲ್ಲಿ ಕೂತಿದ್ದ ಗಾಳಿ. (ನಮ್ಮ ಅವ್ವ ಎರಡು ನಿಂಬೆಹಣ್ಣು ಹಾಳು ಮಾಡಿದೆ ಅಂತ ಬೈದಳು. ಒಂದರ್ಧ ಸಾಕು.)

ಈ ಸಂಗತಿಯನ್ನು ಬಹಳ ಹಿಂದೆಯೇ, 1845ರಲ್ಲಿ, ಫ್ರಾನ್ಸಿನ ಎಬೆಲ್ಮನ್ ಎಂಬ ರಸಾಯನ ವಿಜ್ಞಾನಿ ಬರೆದಿದ್ದರು. ಅವರು ಪಿಂಗಾಣಿ ಪಾತ್ರೆ ಮಾಡುವ ಕಾರ್ಖಾನೆಯೊಂದಿಗೆ ಕೆಲಸ ಮಾಡುತ್ತಿದ್ದವರು. ಆಗ ಅದನ್ನು ಹೆಚ್ಚು ಜನ ಲೆಕ್ಕಕ್ಕೆ ಹಿಡಿಯಲಿಲ್ಲ. ಭಟ್ಟಿಯ ಪಕ್ಕ ನಿಂತವರಿಗೆ ಇದು ಬೇಗ ಹೊಳೆಯುತ್ತದೋ ಏನೋ ಎಂದು ನನಗನಿಸಿತು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಗಾಳಿ ಯಾಕೆ ತುಂಬಿ ಹೋಗಲಿಲ್ಲ? ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಭೂಮಿ ಬಿಸಿಯಾಗುತ್ತದೆ. ಬಿಸಿಯಾದರೆ ಸಮುದ್ರದಿಂದ ಆವಿ ಹೆಚ್ಚು, ಮಳೆ ಹೆಚ್ಚು, ಕಲ್ಲು ಕರಗುವುದೂ ಜೋರು. ಆಗ ಗಾಳಿಯಿಂದ ಇಂಗಾಲ ಬೇಗ ಬೇಗ ಖಾಲಿಯಾಗಿ ಭೂಮಿ ತಣ್ಣಗಾಗುತ್ತದೆ. ತೀರ ತಣ್ಣಗಾದರೆ ಮಳೆ ಕಡಿಮೆ, ಕಲ್ಲು ಕರಗುವುದು ನಿಧಾನ, ಆದರೆ ಜ್ವಾಲಾಮುಖಿ ಮಾತ್ರ ತನ್ನ ಪಾಡಿಗೆ ಬಿಡುತ್ತಲೇ ಇರುತ್ತದೆ. ಮತ್ತೆ ಬಿಸಿ. ಉಕ್ಕಿ ಬಂದ ಹಾಲು ತಾನೇ ತನ್ನ ಮೇಲೆ ನೀರು ಚಿಮುಕಿಸಿಕೊಂಡರೆ ಹೇಗೋ ಹಾಗೆ. ಅಮೆರಿಕದ ವಾಕರ್, ಹೇಸ್, ಕಾಸ್ಟಿಂಗ್ ಎಂಬ ಮೂವರು ವಿಜ್ಞಾನಿಗಳು 1981ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು.

ಒಮ್ಮೆ ಭೂಮಿ ಬಹುತೇಕ ಹೆಪ್ಪುಗಟ್ಟಿದ್ದೂ ಉಂಟು. ಸುಮಾರು 70 ಕೋಟಿ ವರ್ಷದ ಹಿಂದೆ ಭೂಮಧ್ಯರೇಖೆಯ ಹತ್ತಿರದವರೆಗೂ ಹಿಮ ಬಂದಿತ್ತು. ನೆಲವೆಲ್ಲ ಹಿಮದಡಿ ಇದ್ದಾಗ ಮಳೆ ಕಲ್ಲನ್ನು ಮುಟ್ಟುವುದು ಹೇಗೆ? ಜ್ವಾಲಾಮುಖಿಗಳು ಬಿಟ್ಟ ಗಾಳಿ ಲಕ್ಷಾಂತರ ವರ್ಷ ಕೂಡುತ್ತಾ ಕೂಡುತ್ತಾ ಹೋಗಿ ಕಡೆಗೆ ಹಿಮ ಕರಗಿತು. ಆವತ್ತು ಭೂಫಲಕಗಳು ನಿಂತಿದ್ದರೆ ಈ ಗೋಡೆ ಪತ್ರಿಕೆ ಬರೆಯುವವರೂ ಇರುತ್ತಿರಲಿಲ್ಲ, ಓದುವವರೂ ಇರುತ್ತಿರಲಿಲ್ಲ.

ಶುಕ್ರ ಗ್ರಹದಲ್ಲಿ ಇದರ ಉಲ್ಟಾ. ಅಲ್ಲಿ ನದಿಯಿಲ್ಲ, ಸಮುದ್ರವಿಲ್ಲ, ಗಾಳಿಯನ್ನು ಕಲ್ಲಿನೊಳಗೆ ಹಾಕುವವರಿಲ್ಲ. ಅದರ ಗಾಳಿಯಲ್ಲಿ ನೂರಕ್ಕೆ 96 ಪಾಲು ಇಂಗಾಲದ ಡೈಆಕ್ಸೈಡ್. ಅಲ್ಲಿನ ಶಾಖ 460 ಡಿಗ್ರಿ ಸೆಲ್ಸಿಯಸ್‌ನ ಹತ್ತಿರ, ಸೀಸ ನೀರಾಗಿ ಹರಿಯುತ್ತದೆ. ನಮ್ಮ ಭೂಮಿಯಲ್ಲೂ ಇಂಗಾಲ ಕಡಿಮೆ ಏನಿಲ್ಲ. ಗಾಳಿಯಲ್ಲಿ ಇರುವುದಕ್ಕಿಂತ ಹತ್ತಾರು ಸಾವಿರ ಪಟ್ಟು ಇಂಗಾಲ ಕಲ್ಲುಗಳಲ್ಲಿ ಇದೆ. ನಾವು ಅದರ ಮೇಲೆ ಫರಸಿ ಹಾಕಿಕೊಂಡು ಮಲಗಿದ್ದೇವೆ.

ಇನ್ನು ನಮ್ಮ ದೇಶದ ಪ್ರಯಾಣದ ಕಥೆ. ಇದು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಭಾರತ ಮೊದಲು ದಕ್ಷಿಣದಲ್ಲಿ ಆಫ್ರಿಕಾ, ಮಡಗಾಸ್ಕರ್, ಅಂಟಾರ್ಕ್ಟಿಕಾಗಳ ಜೊತೆ ಅಂಟಿಕೊಂಡಿತ್ತು. ಬಿಟ್ಟುಕೊಂಡು ಉತ್ತರಕ್ಕೆ ಹೊರಟಿತು. ಒಂದು ಕಾಲದಲ್ಲಿ ವರ್ಷಕ್ಕೆ 15 ಸೆಂಟಿಮೀಟರ್‌ಗೂ ಹೆಚ್ಚು ಓಡಿತು, ಫಲಕಗಳ ಲೆಕ್ಕದಲ್ಲಿ ಅದು ಕುದುರೆ ಓಟ. ಭಾರತಕ್ಕೂ ಏಷ್ಯಾಕ್ಕೂ ನಡುವೆ ಟೆಥಿಸ್ ಎಂಬ ಸಮುದ್ರ ಇತ್ತು. ಭಾರತ ಮುಂದೆ ಬಂದಂತೆ ಅದರ ತಳ ಏಷ್ಯಾದ ಅಡಿಗೆ ಮುಳುಗುತ್ತಾ ಹೋಯಿತು.

ದಾರಿಯಲ್ಲಿ, 6 ಕೋಟಿ 60 ಲಕ್ಷ ವರ್ಷಗಳ ಹಿಂದೆ, ಡೈನೋಸಾರ್‌ಗಳ ಕಡೆಗಾಲದಲ್ಲಿ, ನೆಲ ಬಿರಿದು ಲಾವಾ ಹರಿಯಿತು. ಬೆಟ್ಟದ ತುದಿಯಿಂದಲ್ಲ, ಬಿರುಕುಗಳಿಂದ. ಒಂದರ ಮೇಲೊಂದು ಪದರ ಹರಿದು ಆರಿ ದಖನ್ನಿನ ಕಪ್ಪು ಕಲ್ಲಾಯಿತು. ಈಗ ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಮಹಾರಾಷ್ಟ್ರದ ಬಹುಭಾಗ, ನಮ್ಮ ಬೀದರ, ವಿಜಯಪುರ, ಬೆಳಗಾವಿ, ಕಲಬುರಗಿಯ ಎರಿ ಭೂಮಿ ಎಲ್ಲ ಅದರದೇ. ನಮ್ಮ ಸುಣ್ಣದ ಕಲ್ಲು ಅದಕ್ಕಿಂತ ಬಹಳ ಹಳೆಯದು, ಅದಕ್ಕೇ ಲಾವಾದ ಅಡಿಯಲ್ಲಿದೆ.

ಸುಮಾರು 5 ಕೋಟಿ ವರ್ಷಗಳ ಹಿಂದೆ ಭೂಮಿ ಬಹಳ ಬಿಸಿಯಾಗಿತ್ತು. ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ, ಈಗ ಹಿಮ ಹೆಚ್ಚಿರುವ ಕಡೆ, ಆಗಿನ ಮೊಸಳೆ ಜಾತಿಯ ಪ್ರಾಣಿಗಳ ಎಲುಬು ಸಿಕ್ಕಿವೆ. ಗಾಳಿಯ 10 ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡ್ 1,000 ಪಾಲಿಗಿಂತ ಹೆಚ್ಚಿತ್ತು ಎಂದು ಅಂದಾಜು. ಆಮೇಲೆ ಭಾರತ ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು. ಟೆಥಿಸ್ ಮುಚ್ಚಿತು, ಅಲ್ಲಿನ ಭಟ್ಟಿ ಆರಿತು. ನೆಲ ಮಡಿಚಿ ಹಿಮಾಲಯ ಎದ್ದಿತು. ಎವರೆಸ್ಟ್ ಶಿಖರದ ತುದಿಯಲ್ಲಿ ಇರುವ ಕಲ್ಲು ಯಾವುದು ಗೊತ್ತೇ? ಸುಣ್ಣದ ಕಲ್ಲು! ಅದರಲ್ಲಿ ಸಮುದ್ರದ ಜೀವಿಗಳ ಗುರುತುಗಳಿವೆ. ಇದನ್ನು ಓದಿದ ದಿನ ನಾನು ಮುತ್ಯಾನನ್ನು ನಿದ್ದೆಯಿಂದ ಎಬ್ಬಿಸಿ ಹೇಳಿದೆ.

ಅಲ್ಲಿಂದ ಭೂಮಿ ನಿಧಾನಕ್ಕೆ ತಣ್ಣಗಾಗುತ್ತಾ ಬಂತು. 3 ಕೋಟಿ 40 ಲಕ್ಷ ವರ್ಷಗಳ ಹಿಂದೆ ಅಂಟಾರ್ಕ್ಟಿಕಾದ ಮೇಲೆ ದೊಡ್ಡ ಹಿಮದ ಹಾಸು ಕೂತಿತು. ಯಾಕೆ ತಣ್ಣಗಾಯಿತು ಎಂಬುದಕ್ಕೆ ವಿಜ್ಞಾನಿಗಳಲ್ಲಿ ಜಗಳ ಇದೆ. ರೇಮೋ ಮತ್ತು ರಡಿಮನ್ ಎಂಬುವರು ಹಿಮಾಲಯ, ಟಿಬೆಟ್ ಎದ್ದದ್ದೇ ಕಾರಣ ಎಂದರು. ಎತ್ತರದ ಬೆಟ್ಟ, ಕಡಿದಾದ ಇಳಿಜಾರು, ಮಳೆಗಾಲದ ಜೋರು ಮಳೆ, ದಿನಾ ಹೊಸ ಕಲ್ಲು ಒಡೆದು ನೀರಿಗೆ ಸಿಗುತ್ತದೆ. ಕೆಂಟ್ ಮತ್ತು ಮುಟ್ಟೋನಿ ಎಂಬುವರು 2008ರಲ್ಲಿ ಬೇರೆ ಮಾತು ಹೇಳಿದರು: ಟೆಥಿಸ್ ಭಟ್ಟಿ ಆರಿದ್ದು ಒಂದು, ದಖನ್ನಿನ ಕಪ್ಪು ಕಲ್ಲನ್ನು ಹೊತ್ತ ಭಾರತ ಭೂಮಧ್ಯರೇಖೆಯ ಬಿಸಿ ಮಳೆಯಲ್ಲಿ ತೊಯ್ಯುತ್ತಾ ದಾಟಿದ್ದು ಇನ್ನೊಂದು. ಬಸಾಲ್ಟ್ ಗ್ರಾನೈಟ್ ಕಲ್ಲಿಗಿಂತ ಬೇಗ ಕರಗುತ್ತದೆ. ನನಗೆ ಎರಡನೆಯದೇ ಸರಿ ಅನಿಸುತ್ತದೆ. ಅದರಲ್ಲಿ ನಮ್ಮ ಎರಿ ಹೊಲ ಬರುತ್ತದೆ ಅಂತ ಹಾಗೆ ಅನಿಸುತ್ತದೋ ಏನೋ. ಎರಡೂ ಸ್ವಲ್ಪ ಸ್ವಲ್ಪ ಸರಿ ಇರಬಹುದು ಅಂತ ಸರ್ ಅನ್ನುತ್ತಾರೆ.

ಇಷ್ಟೆಲ್ಲ ಓದಿದ ಮೇಲೆ ಹಿಂದಿನ ಬೆಂಚಿನ ಗೆಳೆಯ ಒಬ್ಬ, "ಹಂಗಾದ್ರ ಈಗ ಭೂಮಿ ಬಿಸಿ ಆಗ್ಲತ್ತದ ಅಂತಾರಲ್ಲ, ಮಳಿನೇ ಸರಿ ಮಾಡ್ತದ ಬಿಡು" ಅಂದ. ಮಾಡುತ್ತದೆ, ಆದರೆ ಅದಕ್ಕೆ ಲಕ್ಷಾಂತರ ವರ್ಷ ಬೇಕು. ಲೆಕ್ಕ ನೋಡಿ. ಜಗತ್ತಿನ ಎಲ್ಲ ಜ್ವಾಲಾಮುಖಿ ಸೇರಿ ವರ್ಷಕ್ಕೆ ಬಿಡುವ ಇಂಗಾಲದ ಡೈಆಕ್ಸೈಡ್ 100 ಕೋಟಿ ಟನ್ ಮುಟ್ಟುವುದಿಲ್ಲ. ಕಲ್ಲಿದ್ದಲು, ಎಣ್ಣೆ, ಗ್ಯಾಸ್ ಸುಟ್ಟು, ಸಿಮೆಂಟ್ ಮಾಡಿ 2023ರಲ್ಲಿ ಮನುಷ್ಯರು ಬಿಟ್ಟದ್ದು ಸುಮಾರು 3,700 ಕೋಟಿ ಟನ್. ಕಾರ್ಖಾನೆಗಳು ಬರುವ ಮೊದಲು ಗಾಳಿಯ 10 ಲಕ್ಷ ಪಾಲಿನಲ್ಲಿ 280 ಪಾಲು ಇದ್ದದ್ದು 2024ರಲ್ಲಿ 420 ದಾಟಿತ್ತು. ಸಿಮೆಂಟ್ ಅಂದರೆ ಮತ್ತೇನು, ಸುಣ್ಣದ ಕಲ್ಲು ಸುಡುವುದೇ. ನಮ್ಮ ಅಪ್ಪ ಕೆಲಸ ಮಾಡುವ ಖಣಿಯ ಕಲ್ಲು ಸಿಮೆಂಟಿಗೇ ಹೋಗುತ್ತದೆ. ಇದನ್ನು ಬರೆಯಲೋ ಬೇಡವೋ ಅಂತ ಅಪ್ಪನನ್ನು ಕೇಳಿದೆ. "ಖರೇ ಇದ್ರ ಬರಿ. ಆದ್ರ ನಿಮ್ಮ ಸಾಲಿ ಕಟ್ಟಿದ್ದು ಅದೇ ಸಿಮೆಂಟಿನಿಂದ ಅಂತನೂ ಬರಿ" ಅಂದ. ಬರೆದಿದ್ದೇನೆ.

ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ, ನಿಮಗೆ ಗೊತ್ತೇ ಇದೆ. ಆ ಅರಳಿದ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿ ಅದು ಮತ್ತೆ ಸುಣ್ಣದ ಕಲ್ಲಿನ ಪುಡಿಯಾಗುತ್ತದೆ. ಗೋಡೆಗೆ ಬಳಿದ ಸುಣ್ಣವೂ ಹಾಗೆಯೇ, ದಿನ ದಿನಕ್ಕೆ ಗಾಳಿಯಿಂದ ಅದನ್ನು ಹೀರಿ ಗಟ್ಟಿಯಾಗುತ್ತದೆ. ಹೋದ ಭಾನುವಾರ ಒಂದು ಗಾಜಿನ ಲೋಟದಲ್ಲಿ ತಿಳಿಸುಣ್ಣ ಹಾಕಿ ಮುತ್ಯಾನ ಕೈಗೆ ಪಪ್ಪಾಯಿ ಎಲೆಯ ದಂಟು ಕೊಟ್ಟು ಊದು ಅಂದೆ. ಮೊದಲು ಒಲ್ಲೆ ಅಂದ. ಆಮೇಲೆ ಊದಿದ. ನೀರು ಬೆಳ್ಳಗಾಯಿತು. ಲೋಟ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಇದೇ ಗಾಳಿಯೇನ ಅವತ್ತು ಅಂವ ಮಲ್ಕೊಂಡಲ್ಲಿ ಇದ್ದದ್ದು?" ಅಂತ ಕೇಳಿದ.

"ಹೂಂ ಮುತ್ಯಾ. ಬೆಂಕಿದೂ ಒಂದು ಕೆಟ್ಟ ಗಾಳಿ ಕೂಡಿರ್ಬೇಕು, ಸರ್ ಹೇಳ್ಯಾರ."

"ದೆವ್ವ ಅಲ್ಲ?"

"ಅಲ್ಲ."

ಮುತ್ಯಾ ಲೋಟ ಕೆಳಗಿಟ್ಟು, "ನಾನೇ ಅವನಿಗಿ ಅಲ್ಲಿ ಮಲ್ಕೋ ಅಂದಿದ್ದೆ, ಬೆಚ್ಚಗದ ಅಂತ" ಅಂದ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. "ನಿನಗ ಗೊತ್ತಿರಲಿಲ್ಲಲ್ಲ ಮುತ್ಯಾ" ಅಂದೆ. ಅವನು ಎದ್ದು ಲೋಟದ ನೀರನ್ನು ಅಂಗಳದ ತುಳಸಿಕಟ್ಟೆಯ ಗೋಡೆಗೆ ಚೆಲ್ಲಿದ. ಅಲ್ಲಿ ಬಿಳಿ ಕಲೆ ಆಗಿದೆ, ನಮ್ಮ ಮನೆಗೆ ಬಂದರೆ ತೋರಿಸುತ್ತೇನೆ.

ಇಂತಿ ನಿಮ್ಮ ಗೆಳತಿ,
7ನೇ ತರಗತಿ